ಹಳ್ಳದ ಮ್ಯಾಲ

"ತಮ್ಮಾ, ನಿನ್ನ ನಕಾಶೆದಾಗ ನನ್ನ ಕೂಸಿನ ಜಾಗಾ ಐತೆನೋ?"

ದಸರೆ ಮುಗಿದ ವಾರ, ಗೋಕಾಕದ ನನ್ನ ಬಾಡಿಗೆ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಚಿಗವ್ವ ಕೇಳಿದ್ದು ಇಷ್ಟೇ. ಮೂಡಲಗಿಯ ಆಚೆಗಿನ ನಮ್ಮ ಊರಿನಿಂದ ಎರಡು ಬಸ್ಸು ಬದಲಿಸಿ ಬಂದಿದ್ದಳು. ನೀರು ಕೊಟ್ಟೆ. ಕುಡಿಯದೆ ತಂಬಿಗೆಯನ್ನು ಕೈಯಲ್ಲೇ ಹಿಡಿದು ನಿಂತಳು. ಇದೆ ಎಂದೆ. ದೇವರು, ಜಾತಕ, ಪೇಪರಿನ ಸುದ್ದಿ ಎಲ್ಲವನ್ನೂ ಅನುಮಾನಿಸಿ ಎರಡು ಕಾಲೇಜು, ಮೂರು ಮನೆ ಬದಲಿಸಿದ ನಾನು, ಆ ಒಂದು ಮಾತನ್ನು ಮಾತ್ರ ಯೋಚಿಸದೆ ಹೇಳಿದೆ. ಆಮೇಲೆ ಅವಳು ನೀರು ಕುಡಿದಳು.

ಚಿಗವ್ವ ನನ್ನ ಕಾಕಾನ ಹೆಂಡತಿ. ನಮ್ಮದು ಕುರಿ ಕಾಯುವ ಮನೆತನ. ನನ್ನ ಅಪ್ಪ ಪಾಲಿಗೆ ಬಂದ ಕುರಿಗಳನ್ನು ಮಾರಿ ಹೊಲಕ್ಕೆ ಅಂಟಿಕೊಂಡ. ಕಾಕಾ ಬಿಡಲಿಲ್ಲ. ಮಳೆ ನಿಂತ ಮೇಲೆ ಹಿಂಡು ಹೊಡೆದುಕೊಂಡು, ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಹುಕ್ಕೇರಿ ಸೀಮೆಯ ಕಡೆ ಹೋಗುತ್ತಿದ್ದ. ರೈತರ ಹೊಲಗಳಲ್ಲಿ ಬೇಲಿ ಕಟ್ಟಿ ದಡ್ಡಿ ಹಾಕಿ, ರಾತ್ರಿ ಅದರೊಳಗೆ ಕುರಿ ತರುಬಿದರೆ ಅವರ ನೆಲಕ್ಕೆ ಗೊಬ್ಬರ, ಇವರ ಹೊಟ್ಟೆಗೆ ಜೋಳ. ಮುಂಗಾರು ಬರುವ ಹೊತ್ತಿಗೆ ಊರಿಗೆ ವಾಪಸು. ಹಾಗೆ ಹೋದ ಒಂದು ವರ್ಷ, ನಿಡಸೋಸಿಯ ಹತ್ತಿರದ ಒಂದು ಹಳ್ಳದ ದಂಡೆಯಲ್ಲಿ, ಅವರ ಮೊದಲ ಮಗಳು ಎರಡು ದಿನ ವಾಂತಿಭೇದಿ ಹಿಡಿದು ತೀರಿಕೊಂಡಳು. ಆಗ ಕೂಸಿಗೆ ನಾಲ್ಕೇ ವರ್ಷ. ಅಲ್ಲಿಯೇ ಮಣ್ಣು ಮಾಡಿ, ಮೂರನೆಯ ದಿನ ಹಿಂಡು ಮುಂದೆ ಹೋಯಿತು. ಕುರಿಗಳಿಗೆ ಮೇವು ಬೇಕು. ಅವು ಯಾರಿಗಾಗಿಯೂ ನಿಲ್ಲುವುದಿಲ್ಲ.

ಈಗ ಆ ಕೂಸಿನ ತಂಗಿಯ ಲಗ್ನ ಗಟ್ಟಿಯಾಗಿತ್ತು. ನಮ್ಮ ಮನೆಯಲ್ಲಿ ಒಂದು ಪದ್ಧತಿ. ಮದುವೆಯಾಗದೆ ಸತ್ತ ಅಕ್ಕನಿದ್ದರೆ, ತಂಗಿಗೆ ಅರಿಶಿನ ಹಚ್ಚುವ ಮೊದಲು ಅಕ್ಕನಿಗೆ ಒಂದು ಡಜನ್ ಹಸಿರು ಬಳೆ ಮತ್ತು ಒಂದು ಎಡೆ ಕೊಡಬೇಕು. ಎಷ್ಟೇ ಚಿಕ್ಕವಳಾಗಿ ಸತ್ತಿರಲಿ. ಎಡೆಯನ್ನು ಮನೆಯಲ್ಲಿ ಇಡುವಂತಿಲ್ಲ, ಮಣ್ಣು ಮಾಡಿದ ಜಾಗದಲ್ಲೇ ಇಡಬೇಕು. ಆ ಜಾಗ ಗೊತ್ತಿದ್ದ ಕಾಕಾ ತೀರಿ ಆರು ವರ್ಷವಾಗಿತ್ತು, ಅವನ ಜೊತೆ ಮಣ್ಣಿಗೆ ಹೋದ ಕುರಿಗಾರರೂ ಉಳಿದಿರಲಿಲ್ಲ. ಚಿಗವ್ವ ಅದನ್ನು ಹತ್ತಿರದಿಂದ ನೋಡಿರಲೇ ಇಲ್ಲ. ನಮ್ಮಲ್ಲಿ ಹೆಂಗಸರು ಮಣ್ಣಿಗೆ ಹೋಗುವುದಿಲ್ಲ. ಆ ಬೆಳಗ್ಗೆ ಅವಳನ್ನು ಕುರಿಗಳ ನಡುವೆ ಹಿಡಿದು ಕೂರಿಸಿದ್ದರಂತೆ.

ಉಳಿದದ್ದು ನನ್ನ ನಕಾಶೆ.

ಕೂಸು ತೀರಿದ ವರ್ಷ, ಅಂದರೆ ಇಪ್ಪತ್ತೈದು ವರ್ಷದ ಹಿಂದೆ, ನಾನು ಧಾರವಾಡದಲ್ಲಿ ಭೂಗೋಳದ ಎಂ.ಎ. ವಿದ್ಯಾರ್ಥಿ. ನನ್ನ ಪ್ರಬಂಧದ ವಿಷಯ ಕುರಿಗಾರರ ದಾರಿ. ವಿಭಾಗದಲ್ಲಿದ್ದ ಸರ್ವೇ ನಕಾಶೆಯ, ಟೋಪೋಶೀಟಿನ, ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು, ಮೂಡಲಗಿಯಿಂದ ಹುಕ್ಕೇರಿಯವರೆಗಿನ ಹಳ್ಳ, ದಿನ್ನೆ, ರಸ್ತೆಗಳನ್ನು ಎಳೆದುಕೊಂಡಿದ್ದೆ. ಬಿಡುವು ಸಿಕ್ಕಾಗಲೆಲ್ಲ ಕಾಕಾನ ಹಿಂಡನ್ನು ಹುಡುಕಿಕೊಂಡು ಹೋಗಿ, ಅವನು ಹೇಳಿದ ಬಿಡಾರಗಳನ್ನು ಅದರಲ್ಲಿ ಗುರುತು ಹಾಕುತ್ತಿದ್ದೆ. ಅವನ ಬಿಡಾರಗಳಿಗೆ ಊರಿನ ಹೆಸರು ಇರುತ್ತಿರಲಿಲ್ಲ. ನಾಯಿ ಕಚ್ಚಿದ ಮಡ್ಡಿ. ಬೈಗಳ ತಿಂದ ತೋಟ. ಟಗರು ಬಿದ್ದ ಬಾವಿ.

"ಕಾಕಾ, ಊರು ಹೇಳು, ತಾಲೂಕು ಹೇಳು" ಎಂದರೆ ನಗುತ್ತಿದ್ದ.

"ತಾಲೂಕ ಕೇಳಿ ಕುರಿ ಮೇಯ್ತಾವೇನಲೇ? ಬರ್ಕೋ, ಬೈಗಳಾ ತಿಂದ ತೋಟ. ಮುಂದಿನ ವರ್ಸ ನೀನ ಬಾ, ನಿನಗೂ ಬೈಸ್ತೇನಿ."

ಆ ಪಟ್ಟಿಯ ನಡುವೆ, ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕಿದ ಒಂದು ಚುಕ್ಕೆ. ಅದಕ್ಕೆ ಕಾಕಾ ಹೆಸರು ಕೊಟ್ಟಿರಲಿಲ್ಲ.

ಇಪ್ಪತ್ತು ವರ್ಷಗಳಿಂದ ಒಂದೇ ಪಾಠವನ್ನು ಕಾಲೇಜಿನಲ್ಲಿ ಹೇಳುತ್ತಿದ್ದೇನೆ. ಮಾನವ ಭೂಗೋಳದ ಮೊದಲ ಅಧ್ಯಾಯ: ಸ್ಥಳ, ಪ್ರದೇಶ, ಅವಕಾಶ. ಅಳೆಯಬಹುದಾದ, ಯಾರದೂ ಅಲ್ಲದ ಬಯಲು ಅವಕಾಶ. ಅದರಲ್ಲಿ ಮನುಷ್ಯನಿಗೆ ಏನಾದರೂ ಆಗಿಹೋದರೆ ಅದು ಸ್ಥಳ. ಹೋಲುವ ಸ್ಥಳಗಳ ಸುತ್ತ ನಾವು ಎಳೆದುಕೊಂಡ ಗೆರೆ ಪ್ರದೇಶ. ಪ್ರತಿ ವರ್ಷ ಹಿಂದಿನ ಬೆಂಚಿನಿಂದ ಯಾರಾದರೂ ಕೇಳುತ್ತಾರೆ: "ಸರ್, ಅವಕಾಶ ಅಂದ್ರ ಚಾನ್ಸ್ ಏನ್ರಿ?" ತರಗತಿ ನಗುತ್ತದೆ. ನಾನೂ ನಗುತ್ತೇನೆ. ಪ್ರದೇಶಕ್ಕೆ ಉದಾಹರಣೆಯಾಗಿ ನಮ್ಮ ಊರನ್ನೇ ಹೇಳುತ್ತೇನೆ. ಮೊದಲು ಗೋಕಾಕ ತಾಲ್ಲೂಕು, ಈಗ ಮೂಡಲಗಿ ತಾಲ್ಲೂಕು. ಊರು ಒಂದು ಗೇಣು ಸರಿಯಲಿಲ್ಲ, ಗೆರೆ ಸರಿಯಿತು. ಚಿಗವ್ವ ಇದನ್ನೇ ಬೇರೆ ಥರ ಹೇಳುತ್ತಾಳೆ: "ನಾವ ಕುಂತಲ್ಲೇ ಕುಂತೇವಿ, ಕಾಗದ ಒಯ್ಯೂದ ಮಾತ್ರ ಬ್ಯಾರೆ ಕಡೆ."

ಅವಳು ಬಂದು ಹೋದ ಮುಂದಿನ ರವಿವಾರ ಅವಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊರಟೆ. ಘಟಪ್ರಭಾದಲ್ಲಿ ಬಳೆ ಅಂಗಡಿಯ ಮುಂದೆ ನಿಲ್ಲಿಸು ಎಂದಳು. ಬಳೆಗಾರ ಅಳತೆ ಕೇಳಿದ. ಚಿಗವ್ವ ತನ್ನ ಕೈಯನ್ನೇ ಚಾಚಿದಳು.

"ನಿಮಗೇನ್ರಿ ಅವ್ವಾರ?"

"ಅಲ್ಲ. ನನ್ನ ಮಗಳಿಗೆ. ನನ್ನಷ್ಟಽ ಆಗಿರ್ತಾಳ."

ಹುಕ್ಕೇರಿ ದಾಟಿ ನಿಡಸೋಸಿಯ ಕಡೆ ತಿರುಗಿ, ಹಳ್ಳದ ಸೇತುವೆಯ ಹತ್ತಿರ ಬೈಕು ನಿಲ್ಲಿಸಿದೆ. ಕಾಕಾನ ದಡ್ಡಿ ಇದ್ದದ್ದು ಹಳ್ಳದ ದಕ್ಷಿಣ ದಂಡೆಯ ಹೊಲದಲ್ಲಿ. ಚಿಗವ್ವ ಅದನ್ನು ನಾನು ಹೇಳುವ ಮೊದಲೇ ಗುರುತಿಸಿದಳು. ಈಗ ಅಲ್ಲಿ ಆಳೆತ್ತರ ಮೀರಿದ ಕಬ್ಬು. ನಾನು ಟ್ರೇಸಿಂಗ್ ಪೇಪರನ್ನು ಬೈಕಿನ ಸೀಟಿನ ಮೇಲೆ ಹರಡಿದೆ. ಕೆಂಪು ಚುಕ್ಕೆ ಇದ್ದದ್ದು ಹಳ್ಳದ ಉತ್ತರಕ್ಕೆ, ಇನ್ನೂರು ಮೀಟರ್.

"ಹಳ್ಳಾ ದಾಟಬೇಕೇನೋ?" ಎಂದಳು.

"ಹೂಂ ಚಿಗವ್ವಾ. ಆ ಕಡೆನೇ."

"ಖರೇನೋ?"

"ನಾನಽ ಇದ್ದೆನಲ್ಲ ಅವತ್ತು. ಹಳ್ಳದಾಗಿನ ಕಲ್ಲ ಎತ್ತಿಕೊಂಡು ಹೋಗಿ ತಲೀ ಕಡೆ ಇಟ್ಟಾಂವ ನಾನು. ಅಂಗಿ ಎಲ್ಲಾ ತೊಯ್ದಿತ್ತು."

ಇದು ಸುಳ್ಳಲ್ಲ. ಹೇಳುವಾಗ ಎದೆಯ ಮೇಲೆ ಆ ಒದ್ದೆ ಅಂಗಿಯ ತಣ್ಣಗಿನ ಅಂಟು ನನಗೆ ತಿಳಿಯುತ್ತಿತ್ತು. ಕಾಕಾ ಸಲಿಕೆ ಹಿಡಿದಿದ್ದ. ಅದು ಹೊಲದ ಮಾಲೀಕ, ಒಬ್ಬ ಜೈನ ಹಿರಿಯ, ಕೊಟ್ಟ ಸಲಿಕೆ. ಕಂಬಳಿಯ ಒಂದು ತುದಿಯಿಂದ ಕೂಸಿನ ಹಿಮ್ಮಡಿ ಕಾಣುತ್ತಿತ್ತು. ಇಪ್ಪತ್ತೈದು ವರ್ಷ ನಾನು ಆ ಹಿಮ್ಮಡಿಯನ್ನು ಹೊತ್ತುಕೊಂಡು ತಿರುಗಿದ್ದೇನೆ.

ಸೇತುವೆ ದಾಟಿ ಆ ಕಡೆಯ ಬೀಳು ಭೂಮಿಗೆ ಇಳಿದೆವು. ಹೆಜ್ಜೆ ಎಣಿಸುತ್ತ ಹೋದೆ. ಇನ್ನೂರರ ಸುಮಾರಿಗೆ, ಹುಲ್ಲಿನ ನಡುವೆ, ಒಂದು ಕಲ್ಲು ಸಿಕ್ಕಿಯೇ ಬಿಟ್ಟಿತು. ನನ್ನ ನೆನಪಿನ ಕಲ್ಲು ದುಂಡಗಿತ್ತು. ಇದು ಚೌಕ. ಒಂದು ನಿಮಿಷದೊಳಗೆ ನನ್ನ ನೆನಪಿನ ಕಲ್ಲೂ ಚೌಕವಾಯಿತು.

ಚಿಗವ್ವ ಕಲ್ಲನ್ನು ನೋಡಿದಳು, ಹಿಂತಿರುಗಿ ಹಳ್ಳವನ್ನು ನೋಡಿದಳು. "ನೀ ಕಲತಾಂವ" ಎಂದಷ್ಟೇ ಅಂದು ಕೂತು, ಕಲ್ಲಿಗೆ ನೀರು ಹಾಕಿ ಅರಿಶಿನ ಹಚ್ಚಿದಳು. ಹೋಳಿಗೆ, ಅನ್ನ, ಬದನೆಕಾಯಿ ಪಲ್ಯದ ಎಡೆ ಇಟ್ಟಳು. ಹನ್ನೆರಡೂ ಬಳೆಗಳನ್ನು ಕಲ್ಲಿನ ಕೊರಳಿಗೆ ಆನಿಸಿ ಇಟ್ಟಳು. ಅಳಲಿಲ್ಲ. ಅಳುತ್ತಾಳೆ ಎಂದು ನಾನು ಕಾದಿದ್ದೆ. ಬರುವಾಗ ಬೈಕಿನ ಹಿಂದೆ ನನ್ನ ಹೆಗಲಿಗೆ ಹಣೆ ಆನಿಸಿ ಕೂತಿದ್ದಳು. ಸಮಾಧಾನವಾಗಿರಬೇಕು ಎಂದುಕೊಂಡೆ.

ಎರಡು ವಾರ ಬಿಟ್ಟು ಎಲ್ಲೋ ಅಕಾಲದ ಮಳೆ ಹಿಡಿಯಿತು. ಗೋಕಾಕದಲ್ಲಿ ಒಂದು ಹನಿಯೂ ಇಲ್ಲ, ಆದರೆ ಹೊಳೆ ಕೆಂಪಗೆ ತಿರುಗಿತ್ತು. ಕೆಲಸವಿಲ್ಲದೆ ಗೋಕಾಕ ಫಾಲ್ಸಿಗೆ ಹೋಗಿ ಒಂದು ಚಹಾದ ಅಂಗಡಿಯ ಬೆಂಚಿನಲ್ಲಿ ಕೂತಿದ್ದೆ. ಅಂಗಡಿಯವನು ನೀರಿನ ಸದ್ದಿಗೆ ಕಿವಿಗೊಟ್ಟು, "ಮ್ಯಾಲ ಮಳಿ ಜೋರ ಐತ್ರಿ" ಎಂದ.

ಗದ್ದ ಎತ್ತಿ ದಿಕ್ಕು ತೋರಿಸಿದ. ಪಶ್ಚಿಮಕ್ಕೆ.

ಈ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಮ್ಯಾಲ ಮಳೆಯಾದರೆ ಹೊಳೆ ಬರುತ್ತದೆ. ಮ್ಯಾಲ ಎಂದರೆ ಘಟ್ಟದ ಕಡೆ, ನೀರು ಬರುವ ಕಡೆ. ನಮ್ಮ ಸೀಮೆಯಲ್ಲಿ ಹೊಳೆ ಹಳ್ಳಗಳು ಹೆಚ್ಚಾಗಿ ಪಡುವಲಿನಿಂದ ಮೂಡಲಿಗೆ ಹರಿಯುತ್ತವೆ. ನಮ್ಮಲ್ಲಿ ಯಾರಿಗೂ ಮ್ಯಾಲ ಎಂದರೆ ಉತ್ತರವಲ್ಲ. ಉತ್ತರ ಮೇಲಿರುವುದು ಗೋಡೆಗೆ ತೂಗುಹಾಕಿದ ನಕಾಶೆಯಲ್ಲಿ.

ಚಹಾ ಅಲ್ಲೇ ಬಿಟ್ಟು ಮನೆಗೆ ಬಂದೆ. ಟ್ರಂಕಿನ ತಳದಲ್ಲಿ ಆ ವರ್ಷದ ನೋಟ್‌ಬುಕ್ ಇತ್ತು. ಕಾಕಾನ ಮಾತನ್ನು ಅವನು ಆಡಿದ ಹಾಗೆಯೇ ಬರೆದುಕೊಂಡಿದ್ದೆ, ಪ್ರಬಂಧಕ್ಕೆ ಬೇಕಾದೀತು ಎಂದು: "ಹಳ್ಳದ ಮ್ಯಾಲ, ಕೂಗಳತಿ ದೂರ. ಬಾಂದಿನ ಬುಡಕ." ಅದರ ಪಕ್ಕದಲ್ಲೇ ಪೆನ್ಸಿಲಿನಲ್ಲಿ ನನ್ನ ವಿದ್ಯಾವಂತ ಅನುವಾದ: "ಉತ್ತರ, ಸು. ಇನ್ನೂರು ಮೀ."

ಬಾಂದು ಎಂದರೆ ಹೊಲದ ಬದು; ಅನುವಾದದಲ್ಲಿ ಅದನ್ನು ಬಿಟ್ಟೇಬಿಟ್ಟಿದ್ದೆ. ಕೂಗಳತೆ ಇನ್ನೂರು ಮೀಟರ್ ಎಂದು ನನಗೆ ಯಾರು ಹೇಳಿದ್ದರು? ಯಾರ ಕೂಗು?

ಆದರೆ ನನ್ನನ್ನು ನೆಲಕ್ಕೆ ಕೂರಿಸಿದ್ದು ಇದಲ್ಲ. ಅದರ ಹಿಂದಿನ ಹಾಳೆ. ಮಗು ಸತ್ತ ದಿನದ ಹಾಳೆಯಲ್ಲಿ, ನನ್ನದೇ ಅಕ್ಷರದಲ್ಲಿ, "ಧಾರವಾಡ. ಒಳಪರೀಕ್ಷೆ, ಎರಡನೇ ಪತ್ರಿಕೆ" ಎಂದಿತ್ತು. ನಂತರ ಒಂಬತ್ತು ದಿನ ಕ್ಲಾಸು, ಮೆಸ್ಸು, ಒಂದು ಜ್ವರ. ಹತ್ತನೆಯ ದಿನ: "ಕಾಕಾನ ಹಿಂಡು ಸಿಕ್ಕಿತು. ಕೂಸಿನ ವಿಷಯ ಈಗ ಗೊತ್ತಾಯಿತು."

ಈಗ ಗೊತ್ತಾಯಿತು. ಆ ಎರಡು ಪದಗಳನ್ನು ಎಷ್ಟು ಸಲ ಓದಿದೆನೋ. ಮೊದಲು ನೋಟ್‌ಬುಕ್ಕನ್ನೇ ಅನುಮಾನಿಸಿದೆ. ಆಗ ನಾನು ಎಷ್ಟೋ ಸಲ ವಾರದ ದಿನಚರಿಯನ್ನು ಒಂದೇ ದಿನ ಕೂತು ಬರೆಯುತ್ತಿದ್ದೆ, ದಿನ ಹೆಚ್ಚು ಕಡಿಮೆ ಆಗಿರಬಹುದು. ಆಮೇಲೆ ಅಂಗಿಯನ್ನು ಅನುಮಾನಿಸಿದೆ. ಒದ್ದೆಯಾಗಿದ್ದು ನನ್ನ ಅಂಗಿಯೋ, ಹೇಳುವಾಗ ಕಾಕಾ ಎದೆ ಸವರಿಕೊಂಡು "ಅಂಗಿ ತೊಯ್ದು ಹೋತು" ಎಂದದ್ದೋ? ಹಿಮ್ಮಡಿ ಯಾರು ಕಂಡ ಹಿಮ್ಮಡಿ? ಕಾಕಾನ ದುಃಖವನ್ನು ಕೇಳಿಸಿಕೊಂಡು, ಅದರೊಳಗೆ ನನಗೊಂದು ಜಾಗ ಮಾಡಿಕೊಂಡು, ಅಲ್ಲಿ ಒಂದು ಕಲ್ಲನ್ನೂ ಹೊತ್ತಿದ್ದೆ.

ಲಗ್ನಕ್ಕೆ ಎಂಟು ದಿನ ಇತ್ತು. ಹೇಳದಿದ್ದರೆ ನಡೆದುಹೋಗುತ್ತಿತ್ತು. ಇಡಬೇಕಾದದ್ದನ್ನು ಅವಳು ಇಟ್ಟಿದ್ದಾಳೆ, ಮನಸ್ಸು ನಿರಾಳವಾಗಿದೆ, ದೇವರನ್ನೇ ನಂಬದ ನನಗೆ ಎಡೆಯ ಜಾಗದ ಕರಾರುವಾಕ್ಕು ಯಾಕೆ? ಎರಡು ದಿನ ಹೀಗೆ ವಾದಿಸಿಕೊಂಡೆ. ಮೂರನೆಯ ದಿನ ಊರಿಗೆ ಹೋದೆ.

ಚಿಗವ್ವ ಅಂಗಳದಲ್ಲಿ ಕೂತು ಗೋಧಿ ಹಸನು ಮಾಡುತ್ತಿದ್ದಳು. ಒಂದೇ ಉಸಿರಿನಲ್ಲಿ ಹೇಳಿದೆ. ಜಾಗ ಅದಲ್ಲ. ನಕಾಶೆ ತಪ್ಪು. ನಾನು ಅವತ್ತು ಅಲ್ಲಿರಲೇ ಇಲ್ಲ.

ಅವಳ ಕೈ ಮೊರದಲ್ಲಿ ನಿಂತಿತು.

"ನೀ ಎಲ್ಲಿದ್ದಿಯೋ? ನೀ ಬಂದದ್ದು ಮುಂದಿನ ಬಿಡಾರಕ್ಕ. ಬರೂಮುಂದ ಬಿಸ್ಕೀಟ್ ಪುಡಾ ತಂದಿದ್ದಿ, ಅಕಿಗೆ ಅಂತ."

ಆ ಬಿಸ್ಕೀಟು ನನಗೆ ನೆನಪಿಲ್ಲ. ಇವತ್ತಿಗೂ ಇಲ್ಲ.

"ಗೊತ್ತಿದ್ದು ಅವತ್ತ ಯಾಕ ಹೇಳಲಿಲ್ಲ ಚಿಗವ್ವಾ?"

"ನೀ ಅಷ್ಟ ಖರೆ ಹೇಳಾಕತ್ತಿದ್ದಿ, ಅಂಗಿ ತೊಯ್ದಿತ್ತು ಅದು ಇದು ಅಂತ. ನಾನಽ ಮರತಿರಬೇಕು ಅಂದ್ಕೊಂಡೆ. ಹಳ್ಳಾ ದಾಟೂಮುಂದ ಮನಸ ಅಂದಿತ್ತು, ಇದಲ್ಲ ಅಂತ. ಅವತ್ತ ಹೋದ ಗಂಡಸರು ತಿರಗಿ ಬಂದಾಗ ಅವರ ಕಾಲ ನೋಡಿನ್ಯಲ್ಲ. ಒಣಾ ಕಾಲ ಇದ್ದು. ಆವಾಗ ಬ್ರಿಜ್ಜ ಎಲ್ಲಿತ್ತು? ದಾಟಿದ್ರ ತೊಯ್ಯಬೇಕಿತ್ತಲ್ಲ. ಅವರು ದಾಟಿರಲಿಲ್ಲೋ. ಹಳ್ಳದ ಗುಂಟಽ ಹೋಗಿದ್ರು."

ಸ್ವಲ್ಪ ಹೊತ್ತು ಗೋಧಿಯನ್ನು ಬೆರಳಿನಿಂದ ಸರಿಸಿದಳು.

"ನಾ ದಡ್ಡಿಯಾಗ ಕುಂತು ಒದರಿದ್ದು ನಿಮ್ಮ ಕಾಕಾಗ ಅಲ್ಲಿಮಟ ಕೇಳಿಸಿತ್ತಂತ. ಸಲಿಕಿ ಹಾಕೂಮುಂದ ಕೇಳಿಸಿತು ಅಂತ ಸಾಯೂತನಕ ಅಂತಿದ್ದ."

ಕೂಗಳತೆ ಎಂದರೆ ಅಷ್ಟು ದೂರ. ಕಾಕಾ ಅಳತೆಯನ್ನು ಸರಿಯಾಗಿಯೇ ಕೊಟ್ಟಿದ್ದ.

ಆಮೇಲೆ ಚಿಗವ್ವ ಮೊರ ಕೆಳಗಿಟ್ಟು ಕೇಳಿದಳು.

"ಮತ್ತ ಅಲ್ಲಿ ಇಟ್ಟ ಬಳಿ ಯಾರಿಗೆ ಇಟ್ಟಂಗಾತು?"

ಮರುದಿನವೇ ಹೊರಟೆವು. ಘಟಪ್ರಭಾದ ಅದೇ ಅಂಗಡಿಯಲ್ಲಿ ಮತ್ತೊಂದು ಡಜನ್. ಈ ಸಲ ಬಳೆಗಾರ ಅಳತೆ ಕೇಳಲಿಲ್ಲ. "ಆಗಲೇ ಒಡಕೊಂಡ್ಳೇನ್ರಿ ನಿಮ್ಮ ಮಗಳು?" ಎಂದು ನಕ್ಕ. ಚಿಗವ್ವ ಹೂಂ ಎಂದಳು.

ಈ ಸಲ ಸೇತುವೆ ದಾಟಲಿಲ್ಲ. ದಕ್ಷಿಣ ದಂಡೆಯಲ್ಲಿ, ಕಬ್ಬಿನ ಪಕ್ಕದ ದಾರಿಯಲ್ಲಿ, ನೀರು ಬರುವ ಕಡೆಗೆ ನಡೆದೆವು. ಮೋಟಾರಿನ ಮನೆಯ ಹತ್ತಿರ ಹೊಲದವನು ಸಿಕ್ಕ. ನನ್ನದೇ ವಯಸ್ಸು, ಅಂದು ಸಲಿಕೆ ಕೊಟ್ಟ ಹಿರಿಯನ ಮಗ. ಚಿಗವ್ವ ಬಂದ ಕಾರಣ ಹೇಳಿದಾಗ ಅವನು ತಲೆಗೆ ಸುತ್ತಿದ ಟವಲು ತೆಗೆದು ಹೆಗಲಿಗೆ ಹಾಕಿಕೊಂಡ.

"ಕೇಳೀನ್ರಿ ಅವ್ವಾರ. ನಮ್ಮ ಬಾಬಾ ಹೇಳ್ತಿದ್ರು, ಕುರಿ ಕಾಯೂ ಧನಗರ ಕೂಸು ನಮ್ಮ ಬಾಂದಿನ್ಯಾಗ ಐತಿ, ಅಲ್ಲಿ ನೇಗಿಲಾ ಹಾಕಬ್ಯಾಡ್ರಿ ಅಂತ. ಅವರ ಇರೂತನಕ ಹಾಕಲಿಲ್ಲ."

"ಬಾಂದು ಎಲ್ಲಿ ಐತ್ರಿ ಅಣ್ಣಾರ?" ಎಂದೆ.

ಅವನು ಕಬ್ಬಿನ ಕಡೆ ನೋಡಿದ. "ಆ ಬಾಂದ ಹೋಗಿ ಭಾಳ ವರ್ಸಾತ್ರಿ. ಬಾಜೂದವನ ಪಟ್ಟಿ ನಾವ ತಗೊಂಡ್ವಿ. ಎರಡೂ ಕೂಡಿಸಿ ಜೆಸಿಬಿ ಹಚ್ಚಿ ಸಪಾಟ ಮಾಡಿಸಿದ್ವಿ. ಈಗ ನನಗೂ ಹೇಳಾಕ ಬರೂದಿಲ್ಲ ಎಲ್ಲಿತ್ತು ಅಂತ."

"ಮತ್ತ ಹಳ್ಳದ ಆ ಕಡೆ ಒಂದು ಕಲ್ಲು..."

"ಅದಾ? ಸರ್ವೇದವರು ಗಡಿ ಗುರ್ತಿಗೆ ನಟ್ಟ ಹದ್ದಿನ ಕಲ್ಲರಿ ಅದು. ಮೊನ್ನೆ ಯಾರೋ ಅದಕ್ಕ ಅರಿಶಿಣಾ ಹಚ್ಚಿ ಎಡಿ ಇಟ್ಟು ಹೋಗ್ಯಾರ. ಮಾಟಾ ಮಾಡ್ಸ್ಯಾರ ಅಂತ ಮನ್ಯಾಗ ಹೆಣ್ಮಕ್ಳು ಅಂಜ್ಯಾರ." ಹೇಳಿ ಮುಗಿಸುವಷ್ಟರಲ್ಲಿ ಅವನಿಗೆ ತಿಳಿಯಿತು. ಟವಲಿನಿಂದ ಬಾಯಿ ಒರೆಸಿಕೊಂಡ. "ಬಳಿ ಹಳ್ಳಕ್ಕ ಒಗದ ಬಿಟ್ನೆವ್ವಾ. ಗೊತ್ತಿರಲಿಲ್ಲ."

ಚಿಗವ್ವ ಕಬ್ಬಿನ ಗರಿಯೊಂದನ್ನು ಹಿಡಿದು ನೋಡಿದಳು. ಕಬ್ಬು ಯಾವಾಗ ಕಡಿಯುತ್ತೀರಿ ಎಂದು ಕೇಳಿದಳು. ಸಂಕ್ರಾಂತಿ ಆದ ಮೇಲೆ ಎಂದ. ಲಗ್ನ ಅದಕ್ಕೂ ಮೊದಲು.

"ಕಡದ ಮ್ಯಾಲರ ಒಂದ ಇಷ್ಟ ಜಾಗಾ ಬಿಡ್ತೀರೇನ್ರಿ, ನೇಗಿಲಾ ಹಾಕದಂಗ?" ಎರಡೂ ಕೈಗಳನ್ನು ಮೊಳದಷ್ಟು ಅಗಲ ಹಿಡಿದು ತೋರಿಸಿದಳು.

"ಬಿಡ್ತೇನ್ರಿ ಅವ್ವಾರ. ಬಾಬಾನ ಆಣಿ. ಎಲ್ಲಿ ಅಂತ ಒಂದ ತೋರಸ್ರಿ."

ಚಿಗವ್ವ ನನ್ನ ಕಡೆ ತಿರುಗಿದಳು.

"ತೋರಸೋ."

ಕೈಯಲ್ಲಿ ಫೋನಿತ್ತು. ಪರದೆಯ ಮೇಲೆ ಹಸಿರು ಬಯಲಿನ ನಡುವೆ ನೀಲಿ ಚುಕ್ಕೆ ಮಿಣುಕುತ್ತಿತ್ತು. ನಾನು ಎಲ್ಲಿ ನಿಂತಿದ್ದೇನೆ ಎಂಬುದನ್ನು ಅದು ಅಂಗುಲ ಬಿಡದೆ ಹೇಳಬಲ್ಲದು. ಬೆರಳು ಎತ್ತಿ ಯಾವುದೋ ಒಂದು ಕಡೆ ತೋರಿಸಿದ್ದರೆ ಸಾಕಿತ್ತು. ಆ ರೈತ ನಂಬುತ್ತಿದ್ದ, ಮೊಳದಷ್ಟು ಜಾಗ ಬಿಡುತ್ತಿದ್ದ, ಚಿಗವ್ವನಿಗೆ ವರ್ಷಕ್ಕೊಮ್ಮೆ ಬರಲು ಒಂದು ಕಡೆ ಆಗುತ್ತಿತ್ತು. ಕೆಲವು ವರ್ಷ ಹೋದರೆ ನಾನೂ ನಂಬುತ್ತಿದ್ದೆ. ನನ್ನ ಅಂಗಿ ಮತ್ತೆ ಒದ್ದೆಯಾಗುತ್ತಿತ್ತು.

"ಗೊತ್ತಿಲ್ಲ ಚಿಗವ್ವಾ" ಎಂದೆ.

ಅವಳು ನನ್ನ ಮುಖವನ್ನು ಇನ್ನೊಂದು ಗಳಿಗೆ ನೋಡಿದಳು, ಮನಸ್ಸು ಬದಲಿಸುತ್ತೇನೇನೋ ಎಂಬಂತೆ. ಆಮೇಲೆ ರೈತನಿಗೆ, "ಇರ್ಲಿ ಬಿಡ್ರಿ" ಎಂದಳು.

ಎಡೆಯ ಬುತ್ತಿಯನ್ನು ಅವಳು ಬಿಚ್ಚಲಿಲ್ಲ. ಬಳೆಗಳ ಕಾಗದ ಮಾತ್ರ ಬಿಚ್ಚಿದಳು. ದಡ್ಡಿ ಇದ್ದ ಕಡೆಯಿಂದ ಶುರು ಮಾಡಿ, ಕಬ್ಬಿನ ಅಂಚಿನ ಗುಂಟ ನೀರು ಬರುವ ಕಡೆಗೆ ನಡೆಯುತ್ತ, ಹತ್ತು ಹೆಜ್ಜೆಗೊಮ್ಮೆ ಬಗ್ಗಿ, ಉದುರಿದ ಒಣಗರಿಯ ರವದಿ ಸರಿಸಿ, ಮಣ್ಣಿನ ಮೇಲೆ ಒಂದೊಂದು ಬಳೆ ಇಟ್ಟಳು. ರೈತ ಮೋಟಾರು ಬಂದ್ ಮಾಡಿ ಬಂದು ನನ್ನ ಪಕ್ಕ ನಿಂತ. ಅವಳ ಹಿಂದೆ ಹೋಗಬೇಕೋ ಬೇಡವೋ ತಿಳಿಯದೆ ನಾವಿಬ್ಬರೂ ಅಲ್ಲೇ ಇದ್ದೆವು. ಅವಳು ಬಗ್ಗಿದಾಗಲೆಲ್ಲ ಕಬ್ಬಿನ ಗರಿ ಅವಳ ತಲೆಗೆ ತಾಗುತ್ತಿತ್ತು.

ಹನ್ನೆರಡನೆಯದನ್ನು ಇಟ್ಟು ಅವಳು ಎದ್ದು ನಿಂತು, ಖಾಲಿ ಕಾಗದವನ್ನು ಕೈಯಲ್ಲಿ ಹಿಡಿದು ಮುಂದೆ ನೋಡಿದಳು. ಕಬ್ಬು ಇನ್ನೂ ಇತ್ತು.